ಹೋಗಲು ಮೂರೂವರೆ ತಾಸು

ಸುಡುಗಾಡಿನಿಂದ ಬಂದು, ಮೈಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು, ಧೋತರ ಹಿಂಡಿ ಅದನ್ನೇ ಮತ್ತೆ ಉಟ್ಟು ಧರಣೇಂದ್ರ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಾಗ ಇನ್ನೂ ಹತ್ತು ಹೊಡೆದಿರಲಿಲ್ಲ. ಕಾಗವಾಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದಿನದಂತೆಯೇ ಕಾರ್ಖಾನೆಯ ಕಡೆ ಹೋಗುತ್ತಿದ್ದವು. ಮನೆಯ ಮುಂದೆ ಬಂದಾಗ ಡ್ರೈವರು ಟೇಪಿನ ಹಾಡು ತಗ್ಗಿಸುತ್ತಿದ್ದ, ನಾಲ್ಕು ಮನೆ ದಾಟಿದ ಮೇಲೆ ಮತ್ತೆ ಏರಿಸುತ್ತಿದ್ದ. ಅವ್ವನ ಸಾವಿಗೆ ಲೋಕ ಕೊಟ್ಟ ಮರ್ಯಾದೆ ಈ ನಾಲ್ಕು ಮನೆಯಷ್ಟು ಉದ್ದದ್ದು ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ತಮ್ಮ ಸಮ್ಮೇದ ಇನ್ನೆರಡು ತಾಸಿನೊಳಗೆ ಈ ರಸ್ತೆಯಲ್ಲೇ ಬಂದು ಇಳಿಯುತ್ತಾನೆ. ಊರಿನಲ್ಲಿ ಇದು ಗೊತ್ತಿದ್ದವರು ಇಬ್ಬರೇ. ಒಬ್ಬ ಧರಣೇಂದ್ರ, ಇನ್ನೊಬ್ಬಳು ಒಳಗೆ ಅವ್ವ ಮಲಗಿದ್ದ ಕೋಣೆಯನ್ನು ಸಾರಿಸುತ್ತಿದ್ದ ಅವನ ಹೆಂಡತಿ ಸುಂದರಾ. ಉಳಿದವರೆಲ್ಲ ಸಮ್ಮೇದ ಆಫ್ರಿಕಾದಲ್ಲಿ ವಿಮಾನ ಹತ್ತಲೇ ಇಲ್ಲ ಎಂದು ತಿಳಿದಿದ್ದರು. ಹಾಗೆ ತಿಳಿಯುವಂತೆ ಬೆಳಿಗ್ಗೆ ಬೆರಳು ಮಡಚಿ ಲೆಕ್ಕ ಹೇಳಿದವನು ಧರಣೇಂದ್ರನೇ.

ಕಟ್ಟೆಯ ಇನ್ನೊಂದು ತುದಿಗೆ ಬಸದಿಯ ಹಿರಿಯ ಬಾಪುಸಾಹೇಬ ಕುಳಿತಿದ್ದ. ಶೇಡಬಾಳದಿಂದ, ಅಥಣಿಯಿಂದ, ರಾಯಬಾಗದ ಕಡೆಯಿಂದ ಬಂದಿದ್ದವರು ಒಬ್ಬೊಬ್ಬರಾಗಿ ಬಂದು ಧರಣೇಂದ್ರನ ಮುಂದೆ ಕೈ ಮುಗಿದು ಹೋಗುತ್ತಿದ್ದರು. ಸಲ್ಲೇಖನ ತೆಗೆದುಕೊಂಡು ಕಣ್ಣು ಮುಚ್ಚಿದ ತಾಯಿಯ ಮಗ. ಅವನಿಗೆ ಕೈ ಮುಗಿದರೂ ಪುಣ್ಯ. "ಮಗಾ ಇದ್ರ ಹಿಂಗಿರಬೇಕ್ ನೋಡ್ರಿ. ನಲವತ್ತ ದಿನ ಹಾಸಗಿ ಬುಡಾ ಬಿಡಲಿಲ್ಲ," ಎಂದ ಒಬ್ಬ. "ಸಣ್ಣಾಂವಗ ಋಣಾ ಇಲ್ಲ ಬಿಡ್ರಿ. ಪರದೇಶದ ರೊಕ್ಕಾ ಸಿಗತೈತಿ, ತಾಯಿ ಮುಖಾ ಸಿಗೂದಿಲ್ಲ," ಎಂದ ಇನ್ನೊಬ್ಬ. ಧರಣೇಂದ್ರ ತಲೆ ಅಲ್ಲಾಡಿಸಿದ. ಈ ಮಾತು ಕೇಳಬೇಕೆಂದು ಏಳು ವರ್ಷ ಕಾದಿದ್ದ. ಈಗ ಕಿವಿಗೆ ಬಿದ್ದಾಗ ಅದರಲ್ಲಿ ರುಚಿಯೇ ಇರಲಿಲ್ಲ. ಹೊತ್ತು ಮೀರಿ ಕುದಿಸಿದ ಪಾಕದ ಹಾಗೆ, ಬಾಯಲ್ಲಿ ಸುಟ್ಟ ವಾಸನೆಯಷ್ಟೇ.

ಪಾಕದ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಪ್ಯಾನ್ ಕುದಿಸಿದವನು. ಆಳೆತ್ತರದ ಆ ಕಬ್ಬಿಣದ ಕಡಾಯಿಯೊಳಗೆ ಕಬ್ಬಿನ ರಸ ಕುದಿದು ಕುದಿದು ಹರಳು ಕಟ್ಟುವ ಗಳಿಗೆಯೊಂದು ಇರುತ್ತದೆ. ಅದಕ್ಕೆ ಒಂದು ನಿಮಿಷ ಮೊದಲಾದರೆ ನೀರು, ಒಂದು ನಿಮಿಷ ತಡವಾದರೆ ಕಲ್ಲು. ಸಲಾಕೆ ಹಾಕಿ ಹನಿ ಪಾಕ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡಿ "ಈಗ" ಅನ್ನುತ್ತಿದ್ದ. ಇಂಜಿನಿಯರುಗಳು ಮಾಪಕ ಬಿಟ್ಟು ಅವನ ಬೆರಳು ನೋಡುತ್ತಿದ್ದರು. ಓದು ಮೂರನೆಯ ಇಯತ್ತೆಗೆ ನಿಂತಿತ್ತು, ಆದರೆ ಅಂಕಿ ಬರುತ್ತಿದ್ದವು, ಗಡಿಯಾರ ಬರುತ್ತಿತ್ತು. ಸಮ್ಮೇದ ಅದೇ ಪ್ಯಾನಿನ ಕೆಳಗೆ ಅವನ ಹತ್ತಿರವೇ ಕಲಿತವನು, ಹತ್ತನೆಯದು ಪಾಸಾದವನು. ಕೀನ್ಯಾದ ಸಕ್ಕರೆ ಕಾರ್ಖಾನೆಗೆ ಪ್ಯಾನ್ ಕುದಿಸುವವರು ಬೇಕೆಂದು ಮಿರಜಿನ ಲಾಡ್ಜಿನಲ್ಲಿ ಒಬ್ಬ ಗೃಹಸ್ಥ ಬಂದಿಳಿದದ್ದು ಎರಡು ಸಾವಿರದ ಒಂದರಲ್ಲಿ. ಅವನು ಕಾರ್ಖಾನೆಗೆ ಬಂದು ಅಣ್ಣ ತಮ್ಮ ಇಬ್ಬರ ಕೆಲಸವನ್ನೂ ನಿಂತು ನೋಡಿ, ಧರಣೇಂದ್ರನ ಅಂಟು ಬೆರಳನ್ನು ತನ್ನ ಕೈಯಲ್ಲಿ ಹಿಡಿದು, "ಮುಝೆ ಯೇ ಹಾಥ್ ಚಾಹಿಯೇ," ಅಂದಿದ್ದ. ಈ ಕೈಯೇ ಬೇಕೆಂಬ ಆ ಮಾತನ್ನು ಧರಣೇಂದ್ರ ಮನೆಯ ತನಕ ಬಾಯಲ್ಲಿಟ್ಟುಕೊಂಡು ಬಂದ, ಮಕ್ಕಳು ಸಕ್ಕರೆಗಡ್ಡೆ ಇಟ್ಟುಕೊಂಡಂತೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನೀ ಬ್ಯಾಡ. ಸಣ್ಣಾಂವ ಹೋಗ್ಲಿ."

ಯಾಕೆ ಅಂತ ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊರದಲ್ಲಿ ಜೋಳ ಹಾರುತ್ತಿತ್ತು, ಹೊಟ್ಟು ಗಾಳಿಗೆ ಹೋಗುತ್ತಿತ್ತು, ಕಾಳು ಮರಳಿ ಮೊರಕ್ಕೆ ಬೀಳುತ್ತಿತ್ತು. ತಾನು ಕಾಳೋ ಹೊಟ್ಟೋ ಎಂಬುದು ಏಳು ವರ್ಷ ಅವನಿಗೆ ಬಗೆಹರಿಯಲಿಲ್ಲ. ತಾಯಿಯಾದವಳು ಹೆಚ್ಚು ಪ್ರೀತಿಸಿದವನನ್ನು ಕಳಿಸುತ್ತಾಳೋ ಇಟ್ಟುಕೊಳ್ಳುತ್ತಾಳೋ? ಪ್ರತಿ ಎರಡು ವರ್ಷಕ್ಕೊಮ್ಮೆ ಸಮ್ಮೇದ ರಜೆಗೆ ಬಂದಾಗ ಅವ್ವ ಹದಿನೈದು ದಿನ ಮೊದಲೇ ಹಪ್ಪಳದ ಹಿಟ್ಟು ಕುಟ್ಟಿಸುತ್ತಿದ್ದಳು. ದಿನಾ ಮನೆಯಲ್ಲಿದ್ದವನಿಗಾಗಿ ಹಿಟ್ಟು ಕುಟ್ಟುವ ದಿನ ಯಾವುದೂ ಇರಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದರೆ ಐವತ್ತೈದರ ಗಂಡಸು ಹಪ್ಪಳಕ್ಕೆ ಅತ್ತನೆಂದು ಊರು ನಗುತ್ತದೆ. ಹಾಗಾಗಿ ಅವನು ಬೇರೆಯದೊಂದು ಮಾತು ಕಟ್ಟಿಕೊಂಡ, ಊರು ಅವನ ಜೊತೆ ನಗುವಂಥದ್ದು.

ಆ ಮಾತು ಹುಟ್ಟಿದ್ದು ಸಮ್ಮೇದನ ಮೊದಲ ಟಿಕೀಟಿನಿಂದ. ಹೊರಡುವ ಹಿಂದಿನ ದಿನ ಸಮ್ಮೇದ ಟಿಕೀಟನ್ನು ದೇವರ ಮುಂದಿಟ್ಟಿದ್ದ. ಧರಣೇಂದ್ರ ಅಂಕಿಗಳನ್ನು ಓದಿದ. ಮುಂಬಯಿ ಬಿಡುವುದು ಬೆಳಿಗ್ಗೆ ಆರು, ನೈರೋಬಿ ಮುಟ್ಟುವುದು ಒಂಬತ್ತೂವರೆ. ಮೂರೂವರೆ ತಾಸು. ಮಿರಜಿನಿಂದ ಪುಣೆಗೆ ಹೋಗುವ ರೈಲು ಇದಕ್ಕಿಂತ ತಡ. ಸಮುದ್ರದಾಚೆಯ ದೇಶ ಇಷ್ಟು ಹತ್ತಿರವಿತ್ತೇ ಎಂದು ಅವನು ಅಂಕಿಗಳನ್ನು ಮತ್ತೊಮ್ಮೆ ಓದಿದ. ಇಷ್ಟು ಹತ್ತಿರದ್ದಕ್ಕೂ ತನ್ನನ್ನು ಬಿಡಲಿಲ್ಲವೇ. ಎರಡು ವರ್ಷದ ಮೇಲೆ ತಮ್ಮ ರಜೆಗೆ ಬಂದಾಗ ಬರುವ ಟಿಕೀಟನ್ನೂ ನೋಡಿದ. ಸಂಜೆ ಐದಕ್ಕೆ ಬಿಟ್ಟು ನಡುರಾತ್ರಿ ದಾಟಿ ಒಂದೂವರೆಗೆ ಮುಂಬಯಿ. ಎಂಟೂವರೆ ತಾಸು! ಮರುದಿನವೇ ಬಸದಿಯ ಕಟ್ಟೆಯ ಮೇಲೆ ಹೇಳಿದ: "ನಮ್ಮ ಸಮ್ಮೇದನ ಇಮಾನ ನೋಡ್ರಿ, ಹೋಗಾಕ ಮೂರೂವರಿ ತಾಸು, ಬರಾಕ ಎಂಟೂವರಿ. ಊರ ಬಿಡೂದು ಹಗೂರ, ಊರಿಗಿ ಬರೂದು ಭಾಳ ಜಡಾ." ಕಟ್ಟೆ ತುಂಬ ನಗೆ ಎದ್ದಿತು. ಬಾಪುಸಾಹೇಬ ಕಣ್ಣು ಒರೆಸಿಕೊಂಡು, "ಓದಿದಾಂವ ಹಿಂಗ್ ಮಾತಾಡಾಕ ಬರೂದಿಲ್ಲ ಬಿಡೋ ಮಾರಾಯಾ," ಅಂದ. ಆಮೇಲೆ ಪ್ರತಿ ಪರ್ಯುಷಣಕ್ಕೂ, ಪ್ರತಿ ಮದುವೆಗೂ ಯಾರಾದರೂ ಕೇಳುವರು: "ಧರಣೂ, ಬರಾಕ ಎಷ್ಟ ತಾಸೋ?" ಅವನು ಹೇಳುವನು, ಅವರು ನಗುವರು. ಅವನ ಹತ್ತಿರ ತಮ್ಮನದಲ್ಲದ, ತನ್ನದೇ ಆದ ಒಂದು ವಸ್ತು ಅಂತ ಇದ್ದರೆ ಈ ಮಾತೊಂದೇ.

ಅದನ್ನು ಕಿತ್ತುಕೊಂಡವಳು ಸಮ್ಮೇದನ ಮಗಳು ಅಪೂರ್ವ. ಎರಡು ವರ್ಷದ ಕೆಳಗೆ ರಜೆಗೆ ಬಂದಾಗ ಹುಡುಗಿಗೆ ಒಂಬತ್ತು ತುಂಬಿತ್ತು. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಎಲ್ಲರೂ ಅಂಗಳದಲ್ಲಿ ಬಾಯಿ ತೊಳೆಯುತ್ತಿದ್ದರು. ಯಾರೋ ಅವನಿಂದ ಆ ಮಾತು ಆಡಿಸಿದರು. ಎಲ್ಲರೂ ನಕ್ಕರು, ಅಪೂರ್ವ ನಗಲಿಲ್ಲ. "ಹಂಗಲ್ಲ ದೊಡ್ಡಪ್ಪಾ. ಈಗ ನೀವು ಊಟಾ ಮಾಡಿ ಬಾಯಿ ತೊಳದ್ರಿ, ಹೊತ್ತ ಮುಳಗ್ತು. ಅಲ್ಲಿ ನಮ್ಮ ಮನ್ಯಾಗ ಈಗ ಇನ್ನಾ ಬಿಸಲ ಐತಿ. ಅಲ್ಲಿ ಹೊತ್ತ ಮುಳಗೂದು ಇನ್ನ ಎರಡೂವರಿ ತಾಸ ಆದಮ್ಯಾಲೆ. ಸೂರ್ಯಾ ಇಲ್ಲಿಂದ ಅಲ್ಲಿಗಿ ನಡಕೋತ ಹೋಗಬೇಕಲ್ಲಾ? ಅದಕ್ಕ ಅಲ್ಲಿ ಗಡಿಯಾರಾನೂ ಹಿಂದ." ಸುಂದರಾ ಕೈಯಲ್ಲಿದ್ದ ತಂಬಿಗೆ ಹಿಡಿದುಕೊಂಡೇ ಕೇಳುತ್ತಿದ್ದಳು. ಧರಣೇಂದ್ರನಿಗೆ ಕೂಡಲೇ ತಿಳಿಯಿತು. ಹುಟ್ಟಿದಾಗಿನಿಂದ ಸೂರ್ಯನನ್ನು ನೋಡಿ ಉಂಡವನಿಗೆ ಇದು ತಿಳಿಯದೆ ಇನ್ನೇನು ತಿಳಿದೀತು? ಪಂಜೆಯೊಳಗೆ ಕೈಯಿಟ್ಟು ಬೆರಳು ಮಡಚಿದ. ಮೂರೂವರೆಗೆ ಎರಡೂವರೆ ಕೂಡಿಸಿದರೆ ಆರು. ಎಂಟೂವರೆಯಲ್ಲಿ ಎರಡೂವರೆ ಕಳೆದರೆ ಆರು. ಹೋಗುವುದೂ ಆರು, ಬರುವುದೂ ಆರು. ಲೆಕ್ಕ ಪಾಕದಂತೆ ಎಳೆ ಎಳೆಯಾಗಿ ಬೆರಳ ನಡುವೆ ನಿಂತಿತ್ತು. "ನನಗ ತಿಳೀಲಿಲ್ಲವ್ವಾ. ನಾ ಓದಿಲ್ಲಲ್ಲಾ," ಎಂದ. ಎಲ್ಲರೂ ಮತ್ತೆ ನಕ್ಕರು, ಸಮ್ಮೇದನೂ ನಕ್ಕು ಮಗಳಿಗೆ, "ಬಿಡ, ದೊಡ್ಡಪ್ಪಗ ತಲೀ ತಿನಬ್ಯಾಡ," ಎಂದ. ಸುಂದರಾ ಮಾತ್ರ ಗಂಡನ ಪಂಜೆಯೊಳಗಿನ ಕೈಯನ್ನು ನೋಡುತ್ತಿದ್ದಳು.

"ಚಾ ಕುಡೀತಿಯೇನೋ?" ಬಾಪುಸಾಹೇಬ ಕೇಳಿದ. ಎದುರು ಮನೆಯವರು ಕಿಟಲಿಯಲ್ಲಿ ತಂದಿದ್ದರು. ಧರಣೇಂದ್ರ ಬೇಡವೆಂದ. ಅವ್ವ ಒಂದೊಂದನ್ನೇ ಬೇಡ ಅಂದದ್ದು ನೆನಪಾಯಿತು. ಎಂಬತ್ನಾಲ್ಕು ವರ್ಷದವಳು, ಬಸದಿಯಲ್ಲಿ ತಂಗಿದ್ದ ಮಾತಾಜಿಯ ಮುಂದೆ ವ್ರತ ಹಿಡಿದು ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಕಡೆಗೆ ಕಾಸಿದ ನೀರಿನ ಮೇಲೆ ನಿಂತಳು. ಮಜ್ಜಿಗೆ ಬಿಡುವ ಮೊದಲಿನ ದಿನ ಕ್ಷಮೆ ಕೇಳುವ ಶಾಸ್ತ್ರ ಇತ್ತು. ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಸೊಸೆಗೆ ಕೈ ಮುಗಿದಳು, ಕಸ ಹೊಡೆಯುವವಳಿಗೆ ಕೈ ಮುಗಿದಳು, ಕೊಟ್ಟಿಗೆಯ ಎಮ್ಮೆಯ ಕಡೆಗೂ ತಿರುಗಿ ಕೈ ಮುಗಿದಳು. ಧರಣೇಂದ್ರನ ಸರತಿ ಬಂದಾಗ ಆ ಎಲುಬಿನ ಕೈಗಳನ್ನು ಅವನ ಮುಂದೆ ಜೋಡಿಸಿದಳು. "ಧರಣೂ, ನಿನ್ನ ಹಿಡಿದಿಟ್ಕೊಂಡ್ನೆಪಾ. ಕ್ಷಮಾ ಮಾಡು." ಏಳು ವರ್ಷ ಕಾದ ಉತ್ತರ ಇದರಲ್ಲಿ ಇತ್ತೋ ಇಲ್ಲವೋ. ಹಿಡಿದಿಟ್ಟುಕೊಂಡೆ ಅಂದಳು, ಯಾಕೆ ಅನ್ನಲಿಲ್ಲ. "ಉತ್ತಮ ಕ್ಷಮಾ," ಎಂದು ಅವನೂ ಶಾಸ್ತ್ರದ ಮಾತು ಹೇಳಿ ಕೈ ಮುಗಿದ. ಆಮೇಲೆ ಅವ್ವ ಯಾರೂ ಇಲ್ಲದ ಹೊಸ್ತಿಲ ಕಡೆಗೆ ತಿರುಗಿದಳು. "ಇಲ್ಲಿ ಇಲ್ಲದಾರಿಗೂ," ಅಂದಳು. ಹಾಗೆ ಅಂದು ಮುಗಿದ ಕೈಯನ್ನು ಇಳಿಸಲೇ ಇಲ್ಲ, ಸುಂದರಾ ಹೋಗಿ ಮೆಲ್ಲಗೆ ಬಿಡಿಸಬೇಕಾಯಿತು. ನನಗೆ ಮುಗಿದದ್ದು ಎಷ್ಟು ಹೊತ್ತು, ಹೊಸ್ತಿಲಿಗೆ ಮುಗಿದದ್ದು ಎಷ್ಟು ಹೊತ್ತು ಎಂದು ಅವನ ಮನಸ್ಸು ಆಗಲೇ ಅಳೆಯುತ್ತಿತ್ತು.

ಅಂದೇ ಸುಂದರಾ ಹೇಳಿದ್ದಳು, "ಸಮ್ಮೇದಗ ಫೋನ್ ಹಚ್ರಿ. ಅತ್ತೀ ಇನ್ನ ಭಾಳ ದಿನಾ ತಗಿಯೂದಿಲ್ಲ."

"ಈಗ ಹೇಳಿದ್ರ ಅವ್ವಗ ಸುದ್ದಿ ಮುಟ್ಟತೈತಿ. ಮಗಾ ಬರ್ತಾನಂತ ಜೀವಾ ಹಿಡ್ಕೊಂಡ ಕುಂಡ್ರತಾಳ. ಮೋಹ ಹುಟ್ಟಿದ್ರ ವ್ರತಕ್ಕ ದೋಷ. ಮಾತಾಜೀ ಏನ್ ಹೇಳ್ಯಾರ, ನೀ ಕೇಳಿಲ್ಲೇನು?"

"ಮಾತಾಜೀ ಹೇಳಿದ್ದು ಅಳಬ್ಯಾಡ್ರಿ ಅಂತ. ಕರೀಬ್ಯಾಡ್ರಿ ಅಂತಲ್ಲ."

"ಏನ್ ದೂರ ಐತಿ? ಮೂರೂವರಿ ತಾಸಿನ ದಾರಿ. ಯಾವಾಗ ಅಂದ್ರ ಅವಾಗ ಬರ್ತಾನ."

ಸುಂದರಾ ಅಥಣಿ ಕಡೆಯ ಅನಂತಪುರದ ತವರಿನಲ್ಲಿ ಆರು ಜನ ಅಣ್ಣತಮ್ಮಂದಿರ ಜಗಳ ನೋಡಿ ಬೆಳೆದವಳು. ಗಂಡಸು ಸುಳ್ಳನ್ನು ಯಾವಾಗ ದೇವರ ಹೆಸರಿನಲ್ಲಿ ಸುತ್ತುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಐದು ದಿನ ಧರಣೇಂದ್ರ ಹೀಗೇ ಕಳೆದ. ಕಡೆಗೆ ಅವ್ವನ ಉಸಿರು ಕೆಳಗಿಳಿದು, ಬಂದವರೆಲ್ಲ ಸಣ್ಣಾಂವ ಎಲ್ಲಿ, ಸಣ್ಣಾಂವ ಎಲ್ಲಿ ಎಂದು ಕೇಳತೊಡಗಿದಾಗ ಕಾಗವಾಡದ ಬೂತಿಗೆ ಹೋಗಿ ಪರದೇಶಕ್ಕೆ ಫೋನು ಮಾಡಿದ. ನಿನ್ನೆ ಮುಂಜಾನೆ ಸಮ್ಮೇದನ ಫೋನು ಅವನ ಮೊಬೈಲಿಗೆ ಬಂತು: "ಅಣ್ಣಾ, ಟಿಕೀಟ ಸಿಕ್ಕೈತಿ. ಸಂಜಿ ಐದಕ್ಕ ಇಮಾನ. ಅವ್ವನ ಮುಖಾ ತೋರಿಸೋ ಅಣ್ಣಾ, ಅಷ್ಟ ಮಾಡು—" ಮುಂದೆ ಬರೀ ಗಾಳಿ ಸದ್ದಾಗಿ ಕಡಿಯಿತು. ಐದು ಅಂದರೆ ಅಲ್ಲಿಯ ಐದು. ಇಲ್ಲಿ ಆಗ ಏಳೂವರೆ. ಆರು ತಾಸು ಕೂಡಿಸಿದರೆ ರಾತ್ರಿ ಒಂದೂವರೆ. ವಿಮಾನ ನಿಲ್ದಾಣದಿಂದ ಹೊರಬೀಳಲು ಒಂದೂವರೆ ತಾಸು, ಮುಂಬಯಿಯಿಂದ ಕಾರಿನಲ್ಲಿ ಎಂಟೊಂಬತ್ತು ತಾಸು. ನಾಳೆ ಹನ್ನೆರಡರೊಳಗೆ ಇಲ್ಲಿರುತ್ತಾನೆ. ಇಷ್ಟನ್ನೂ ಅವನು ಅಂಗಳದಲ್ಲಿ ನಿಂತ ನಿಲುವಿಗೆ ಲೆಕ್ಕ ಮಾಡಿದ, ಒಂದು ಗುಂಜಿಯೂ ತಪ್ಪದ ಹಾಗೆ. ಆಮೇಲೆ ವ್ರತದ ಕೋಣೆಯಲ್ಲಿ ಫೋನು ಬಾರಿಸಬಾರದೆಂದು ಮಾತಾಜಿ ಹೇಳಿದ್ದನ್ನು ನೆನೆದು ಮೊಬೈಲು ಬಂದ್ ಮಾಡಿ ಗೋಡೆಯ ಗೂಡಿನಲ್ಲಿಟ್ಟ. ಅದು ಈಗಲೂ ಅಲ್ಲೇ ಇತ್ತು.

ಅವ್ವ ಹೋದದ್ದು ಇಂದು ಏಳು ಗಂಟೆಯ ಸುಮಾರು. ಎಲ್ಲರೂ ಣಮೋಕಾರ ಹೇಳುತ್ತಿದ್ದರು. ಯಾವ ಸಾಲಿನಲ್ಲಿ ಉಸಿರು ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಪಲ್ಲಕ್ಕಿ ಮೂರು ದಿನದಿಂದ ಸಿದ್ಧವಿತ್ತು. ಅವ್ವನನ್ನು ಪದ್ಮಾಸನದಲ್ಲಿ ಕೂರಿಸಿ, ಬಿಳಿ ಬಟ್ಟೆಯಿಂದ ಹಲಗೆಗೆ ಕಟ್ಟಿದರು. ಬಾಪುಸಾಹೇಬ ಅವನನ್ನು ಅಂಗಳದ ನಡುವೆ, ಎಲ್ಲರೆದುರಿಗೆ ಕರೆದು ನಿಲ್ಲಿಸಿದ. "ಧರಣೂ, ಶಾಸ್ತ್ರ ನಿನಗ ಗೊತ್ತೈತಿ. ಎರಡ ಗಳಿಗಿ ಆದಮ್ಯಾಲೆ ಹೆಣದಾಗ ಸಣ್ಣ ಜೀವ ಹುಟ್ಟತಾವು. ತಡಾ ಮಾಡಿದಷ್ಟು ಹಿಂಸಾ. ಆದ್ರ ನಾನೂ ತಾಯಿ ಹೊಟ್ಟೀಲೆ ಹುಟ್ಟಿದಾಂವ. ಸಮ್ಮೇದ ಬರ್ತಾನಂತ ಖಾತ್ರಿ ಇದ್ರ ಹನ್ನೆರಡರ ತನಕಾ ತಡೀತೀನಿ. ದೋಷ ಬಂದ್ರ ನನಗ ಬರ್ಲಿ. ಅವ ಈಗ ಎಲ್ಲಿರಬೇಕು, ಅಷ್ಟ ಹೇಳು."

ಇಷ್ಟು ದೊಡ್ಡ ಮನಸ್ಸು ಆ ಮುದುಕನಲ್ಲಿ ಇರುತ್ತದೆಂದು ಧರಣೇಂದ್ರ ಎಣಿಸಿರಲಿಲ್ಲ. ಶಾಸ್ತ್ರ ಹಿಡಿದು ಹೊರಡು ಅಂದಿದ್ದರೆ ಅವನು ಶಾಸ್ತ್ರದ ಹಿಂದೆ ನಿಂತು ಅತ್ತುಬಿಡುತ್ತಿದ್ದ. ಈಗ ಶಾಸ್ತ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟಿತ್ತು. ಐವತ್ತು ಅರವತ್ತು ಮುಖಗಳು ಅವನ ಬಾಯಿ ನೋಡುತ್ತಿದ್ದವು. ಹಲಗೆಯ ಮೇಲೆ ಕುಳಿತ ಅವ್ವ ಹೊಸ್ತಿಲಿಗೆ ಬೆನ್ನು ಮಾಡಿ ಅವನ ಕಡೆ ಮುಖ ಮಾಡಿದ್ದಳು. ಬೇಕೆಂದು ಯಾರೂ ಹಾಗೆ ಕೂರಿಸಿರಲಿಲ್ಲ, ಅಂಗಳ ಇದ್ದದ್ದೇ ಹಾಗೆ. ಆದರೂ ಅವನಿಗೆ, ಒಂದು ಸಲವಾದರೂ ಇವಳು ನನ್ನೊಬ್ಬನ ತಾಯಿಯಾಗಿ ಈ ಮನೆ ಬಿಡಲಿ, ಎಂದು ಎದೆಯ ಯಾವುದೋ ತಳದಿಂದ ಎದ್ದಿತು. "ನಿನ್ನೆ ಸಂಜಿ ಐದಕ್ಕ ಏರತೀನಿ ಅಂದಾನ್ರಿ," ಎಂದು ಬೆರಳು ಮುಂದೆ ಹಿಡಿದ. "ಮೂರೂವರಿ ತಾಸಿನ ದಾರಿ. ಎಂಟೂವರಿಗಿ ಮುಂಬಯ್ಯಾಗ ಇಳೀಬೇಕು. ಮುಂಬಯಿಂದ ಏನಂದ್ರೂ ಒಂಬತ್ತ ತಾಸು. ನಸಕಿನ್ಯಾಗ ಆರಕ್ಕ ಇಲ್ಲಿರಬೇಕಾಗಿತ್ತು."

"ಬರಾಕ ಎಂಟೂವರಿ ಅಂತಿದ್ದೆಲ್ಲೋ ನೀ?"

"ಅದು ಚ್ಯಾಷ್ಟಿಗಿ ಅಂತಿದ್ದೆರಿ ಸಾಹೇಬ್ರ. ಹೋಗಾಕ ಒಂದ ದಾರಿ, ಬರಾಕ ಒಂದ ದಾರಿ ಇರ್ತೈತೇನ್ರಿ?"

"ಅದೂ ಖರೇನ," ಬಾಪುಸಾಹೇಬ ಗದ್ದ ಕೆರೆದುಕೊಂಡ. ಕಾಯಿ, ಚಂದನ, ತುಪ್ಪದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುಂದರಾ ಒಂದು ಹೆಜ್ಜೆ ಮುಂದೆ ಬಂದಳು. "ನೋಡ್ರಿ, ಅಪೂರ್ವಾ ಅವತ್ತ—" "ತುಪ್ಪಾ ತಾ ಇಲ್ಲಿ," ಎಂದು ಧರಣೇಂದ್ರ ಅವಳನ್ನು ದಿಟ್ಟಿಸಿದ. ಅವಳು ನಿಂತಳು. ಅವನ ಮುಖವನ್ನು, ಅವನ ಮಡಚಿದ ಬೆರಳುಗಳನ್ನು ನೋಡಿದಳು, ತಟ್ಟೆ ತಂದು ಕೈಗಿಟ್ಟಳು. "ಹಂಗಾರ ಅವ ಏರೇ ಇಲ್ಲ," ಎಂದು ಬಾಪುಸಾಹೇಬ ನಿಟ್ಟುಸಿರು ಬಿಟ್ಟು ಪಲ್ಲಕ್ಕಿಗೆ ಕೈ ಹಚ್ಚಿದ. ಒಂಬತ್ತಕ್ಕೆ ಐದಾರು ನಿಮಿಷ ಇರುವಾಗ ಧರಣೇಂದ್ರ ಚಿತೆಗೆ ಬೆಂಕಿಯಿಟ್ಟ. ಅದೇ ಹೊತ್ತಿಗೆ ಸಮ್ಮೇದ ಕರಾಡವೋ ಇಸ್ಲಾಂಪುರವೋ ಯಾವುದೋ ಊರು ದಾಟುತ್ತಿರಬೇಕೆಂದು ಲೆಕ್ಕ ತಾನಾಗಿ ನಡೆದಿತ್ತು. ಅವನು ಬೇಡವೆಂದರೂ ನಿಲ್ಲುತ್ತಿರಲಿಲ್ಲ.

ಹನ್ನೊಂದೂವರೆಗೆ ಬಿಳಿ ಕಾರೊಂದು ಎರಡು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿ ಹಾರ್ನು ಹೊಡೆಯುತ್ತ ಬಂತು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಸಮ್ಮೇದ ಕಾರು ನಿಲ್ಲುವ ಮೊದಲೇ ಇಳಿದ. ಮೈಮೇಲೆ ದಪ್ಪ ಸ್ವೆಟರು, ಕಾಲಿಗೆ ಬೂಟು, ಗಡ್ಡ ಬೆಳೆದಿತ್ತು. ಅಂಗಳಕ್ಕೆ ಬಂದವನು ತೊಳೆದ ನೆಲ ನೋಡಿದ, ಒಳಗೆ ಅವ್ವ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿದ. ಯಾರೂ ಏನೂ ಹೇಳಬೇಕಾಗಲಿಲ್ಲ. ನಿಂತಲ್ಲೇ ಕುಸಿದು ಕುಳಿತ.

"ಯಾವಾಗ?"

"ಮುಂಜಾನಿ ಏಳಕ್ಕಪಾ," ಎಂದ ಬಾಪುಸಾಹೇಬ. "ಒಂಬತ್ತಕ್ಕ ಬೆಂಕಿ ಕೊಟ್ವಿ."

"ಎರಡೂವರಿ ತಾಸ ತಡೀಲಿಲ್ಲೇನ್ರಿ ಅಜ್ಜಾ? ಸಂಜಿ ಐದಕ್ಕ ಬಿಡತೈತಿ ಅಂತ ಹೇಳಿದ್ದೆ. ಮುಂಬಯಿಂದ ಹತ್ತ ಸಲ ಫೋನ್ ಹಚ್ಚಿದೆ, ಬಂದ್ ಬರ್ತಿತ್ತು." ಬಾಗಿಲಿಗೆ ಬಂದಿದ್ದ ಅತ್ತಿಗೆಯನ್ನು ನೋಡಿದ. "ವೈನೀ, ಇಮಾನದಾಗ ಮುಂದಿನ ಕುರ್ಚಿ ಬೆನ್ನಾಗ ಒಂದ ಸಣ್ಣ ಟಿವಿ ಇರ್ತೈತಿ. ಇನ್ನ ಎಷ್ಟ ದೂರ ಉಳೀತು ಅಂತ ತೋರಸ್ತೈತಿ. ನಾಕೂವರಿ ಸಾವಿರ ಕಿಲೋಮೀಟರ ಇದ್ದದ್ದು ಸೊನ್ನಿ ಆಗೂತನಕಾ ಕಣ್ಣ ಮುಚ್ಚಿಲ್ಲ. ಆರ ತಾಸ ಅದನ್ನ ನೋಡಕೋತ ಕುಂತೇನಿ."

"ಆರ ತಾಸ?" ಬಾಪುಸಾಹೇಬನ ಹುಬ್ಬು ಗಂಟಾಯಿತು. "ಮೂರೂವರಿ ಅಂದಾನಲ್ಲೋ ನಿಮ್ಮಣ್ಣ. ನಸಕಿನ್ಯಾಗ ಬರಬೇಕಿತ್ತು, ಬಂದಿಲ್ಲಂದ್ರ ಏರಿಲ್ಲ ಅಂತ ಲೆಕ್ಕಾ ಹಾಕಿ ಹೇಳಿದ. ನಾ ಹನ್ನೆರಡರ ತನಕಾ ತಡೀತೀನಿ ಅಂದಿದ್ದೆ."

ಸಮ್ಮೇದ ತಲೆ ಎತ್ತಿ ಅಣ್ಣನ ಕಡೆ ನೋಡಿದ. ಈಗ ಬೀಳುತ್ತದೆ ಎಂದು ಧರಣೇಂದ್ರ ಮೈ ಬಿಗಿ ಹಿಡಿದ. ಬೀಳಲಿ. ಏಳು ವರ್ಷದ ಮೇಲೆ ತಮ್ಮ ತನ್ನನ್ನು ಸರಿಸಮನಾಗಿ, ಗಂಡಸು ಗಂಡಸನ್ನು ನೋಡುವಂತೆ ನೋಡುತ್ತಾನೆ. ಕಪಾಳಕ್ಕೆ ಹೊಡೆದರೂ ಅದು ತನಗೆ ಸಲ್ಲುವ ಹೊಡೆತ. ಆದರೆ ಸಮ್ಮೇದನ ಮುಖ ಬಿಗಿದದ್ದು ನಿಧಾನವಾಗಿ ಸಡಿಲಾಯಿತು, ಕಣ್ಣಲ್ಲಿ ನೀರು ತುಂಬಿತು. ಅದರಲ್ಲಿ ಸಿಟ್ಟಿರಲಿಲ್ಲ. ಅಣ್ಣನ ಹತ್ತಿರ ಬಂದು ಕಾಲು ಮುಟ್ಟಿ, ಆಮೇಲೆ ಎರಡೂ ಕೈಯಿಂದ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡ. ಸ್ವೆಟರಿನಲ್ಲಿ ಯಾವುದೋ ಬೇರೆ ದೇಶದ ಸಾಬೂನಿನ ವಾಸನೆ ಇತ್ತು.

"ಯಾರೂ ಅಣ್ಣಗ ಏನೂ ಅನಬ್ಯಾಡ್ರಿ," ಎಂದ, ಎಲ್ಲರಿಗೂ ಕೇಳುವಂತೆ. "ಅಲ್ಲಿ ಗಡಿಯಾರ ಬ್ಯಾರೆ, ಇಲ್ಲಿ ಗಡಿಯಾರ ಬ್ಯಾರೆ. ಓದಿದಾವ್ರಿಗೇ ತಿಳಿಯೂದಿಲ್ಲ. ಇಂವಗ ಹೆಂಗ ತಿಳೀಬೇಕು ಪಾಪ? ನಂದ ತಪ್ಪ. ಫೋನಿನ್ಯಾಗ ಬಿಡಿಸಿ ಹೇಳಬೇಕಾಗಿತ್ತು."

ಕಟ್ಟೆಯ ಮೇಲಿದ್ದವರು ಲೊಚಗುಟ್ಟಿದರು. "ಪಾಪ," ಎಂದು ಇನ್ಯಾರೋ ಅಂದರು. "ಹಡದವ್ವನ ದಿನಾನ ಲೆಕ್ಕಾ ತಪ್ಪತು ನೋಡ್ರಿ." ಮೂವತ್ತು ವರ್ಷ ಪಾಕದ ಗಳಿಗೆ ತಪ್ಪದ ಕೈ ಇದು, ಇಂಜಿನಿಯರುಗಳು ನಿಂತು ನೋಡಿದ ಬೆರಳು ಎಂದು ಧರಣೇಂದ್ರನ ಒಳಗೆ ಏನೋ ಚೀರಿತು. ಪಾಪಿ ಅನ್ನಿಸಿಕೊಳ್ಳಲು ಅವನು ಸಿದ್ಧನಾಗಿದ್ದ, ದಡ್ಡ ಅನ್ನಿಸಿಕೊಂಡು ಕ್ಷಮೆ ಪಡೆಯಲು ಸಿದ್ಧನಾಗಿರಲಿಲ್ಲ. ತಮ್ಮನ ಹಿಡಿತದಿಂದ ತಲೆ ಬಿಡಿಸಿಕೊಂಡ.

"ನನಗ ಗೊತ್ತಿತ್ತು," ಎಂದ.

ಯಾರಿಗೂ ಕೇಳಿಸದಂತಿತ್ತು. ಮತ್ತೆ ಅಂದ, ಗಟ್ಟಿಯಾಗಿ: "ಆರ ತಾಸ. ನನಗ ಗೊತ್ತಿತ್ತೋ ಸಮ್ಮೇದಾ. ಹನ್ನೆರಡರೊಳಗ ಬರ್ತಿ ಅಂತನೂ ಗೊತ್ತಿತ್ತು. ಗೊತ್ತಿದ್ದ ಹೇಳಿದೆ."

ಸಮ್ಮೇದ ಅವನ ಮುಖ ನೋಡಿದ. ನಂಬಿಕೆ ಒಂದು ಗಳಿಗೆ ಬಂದು ಬಾಗಿಲಲ್ಲಿ ನಿಂತಂತೆ ಕಂಡಿತು. ಆಮೇಲೆ ಅವನು ಅತ್ತಿಗೆಯ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಸುಂದರಾ ಸಾರಿಸಿದ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಲ್ಲಿ ನಿಂತಿದ್ದಳು. ಅವಳೊಂದು ಮಾತು ಹೇಳಿದರೆ ಸಾಕಿತ್ತು. ಹೇಳು, ಎಂದು ಧರಣೇಂದ್ರ ಕಣ್ಣಲ್ಲೇ ಬೇಡಿದ. ಬೆಳಿಗ್ಗೆ ಯಾವ ಕಣ್ಣಿನಿಂದ ಅವಳ ಬಾಯಿ ಮುಚ್ಚಿಸಿದ್ದನೋ ಅದೇ ಕಣ್ಣು. ಅವಳು ಅವನನ್ನು ಪೂರ್ತಿ ನೋಡಿದಳು. ಎಷ್ಟೋ ವರ್ಷದಿಂದ ಹಾಗೆ ನೋಡಿರಲಿಲ್ಲ.

"ಇವರಿಗೇನ್ ಗೊತ್ತೋ ಸಮ್ಮೇದಾ," ಎಂದಳು. "ನಿನ್ನ ಮಗಳು ಅಷ್ಟ ಬಿಡಿಸಿ ಹೇಳಿದ್ಲು, ಆವಾಗೂ ತಿಳೀಲಿಲ್ಲ ಅಂದ್ರು. ಓದಿಲ್ಲಲ್ಲಾ." ಹೇಳಿ ಒಳಗೆ ಹೋದಳು.

"ದುಃಖದಾಗ ತಲೀ ತಿರಗೇತಿ. ಮನಷ್ಯಾ ಎಲ್ಲಾ ಮೈಮ್ಯಾಲೆ ಹಾಕ್ಕೋತಾನ," ಎಂದ ಬಾಪುಸಾಹೇಬ. "ಕುಂಡ್ರಸ್ರಿ ಅವನ್ನ. ನೀರ ಕೊಡ್ರಿ."

ಇಬ್ಬರು ರಟ್ಟೆ ಹಿಡಿದು ಅವನನ್ನು ಕಟ್ಟೆಯ ಮೇಲೆ ಕೂರಿಸಿದರು. ನನಗೆ ಗೊತ್ತಿತ್ತು ಎಂದು ಇನ್ನೊಂದು ಸಲ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಮ್ಮೇದ ತಂಬಿಗೆ ತಂದಿದ್ದ. ಒಂದು ಕೈಯಲ್ಲಿ ಅಣ್ಣನ ಹಿಂದಲೆಯನ್ನು ಆನಿಸಿ ಹಿಡಿದು, ಇನ್ನೊಂದು ಕೈಯಲ್ಲಿ ತಂಬಿಗೆಯನ್ನು ಆ ತೆರೆದ ಬಾಯಿಗೆ ಇಟ್ಟ. "ಕುಡಿ ಅಣ್ಣಾ. ಸಾವಕಾಶ. ಹಾಂ, ಹಂಗ." ಗದ್ದದಿಂದ ಇಳಿದ ನೀರನ್ನು ಸ್ವೆಟರಿನ ತೋಳಿನಿಂದ ಒರೆಸಿದ. ಧರಣೇಂದ್ರ ಕುಡಿದ. ಅಂಗಳದ ಜನ ಎಲ್ಲ ನೋಡುತ್ತಿದ್ದ ಹಾಗೆ, ಗುಟುಕು ಗುಟುಕಾಗಿ, ತಂಬಿಗೆ ಬರಿದಾಗುವ ತನಕ ಕುಡಿದ.